ಬಾಯಿ ಮೇಲಿನ ಕೈ

ಜವರ ಸತ್ತು ಹದಿಮೂರು ದಿನವಾಗಿತ್ತು. ಪಣಕಹಳ್ಳಿಯ ಅರಳಿಕಟ್ಟೆಯ ಮೇಲೆ ಕುಳಿತವರ ಬಾಯಲ್ಲಿ ಇನ್ನೂ ಅದೇ ಮಾತು.

"ಮೂರ್ ಸಲ ಕೂಗವ್ರಂತೆ ಪೋಲೀಸ್ರು, ನಿಲ್ಲು ಅಂತ. ಏನ್ಲಾ ಅದು ಗಂಟು ಅಂತ ಕೇಳವ್ರೆ. ತುಟಿ ಬಿಚ್ನಿಲ್ವಂತೆ," ಎಂದ ಅಂಗಡಿ ನಂಜಪ್ಪ. "ಒಂದ್ ಮಾತಾಡುದ್ರೆ ಮುತ್ತು ಉದುರೋಗ್ತಿತ್ತಾ?"

"ಮಾತಾಡ್ನಿಲ್ಲ ಅಂತ ಕೊಂದ್ಬುಡದಾ?" ಚಿಕ್ಕಯ್ಯ ಸಿಡುಕಿದ. "ನಿಮ್ಮಪ್ಪ ಕಡೆಗಾಲ್ದಲ್ಲಿ ಎಲ್ಡು ವರ್ಸ ಮಾತಾಡ್ನಿಲ್ಲ. ಯಾರಾರ ಗುಂಡು ಒಡುದ್ರಾ?"

"ನಮ್ಮಪ್ಪ ಗಂಧದ ಗಂಟು ಇಡ್ಕಂಡು ಪೊದೆ ಒಳಕ್ಕೆ ನುಗ್ನಿಲ್ಲ ಕಣ್ಲಾ."

"ನುಗ್ಗವನ ಬೆನ್ಗೆ ಒಡ್ದವ್ರಲ್ಲ, ಅದ್ಯಾವ ಗಂಡಸ್ತನ? ಬಿಳಿಯರು ದೇಸ ಬುಟ್ಟು ಓದ್ರು ಅಂತೀವಿ. ಅವ್ರು ಓದ್ರು, ಕೋವಿ ಇಲ್ಲೇ ಬುಟ್ಟೋದ್ರು."

"ಅದ್ಕೇ ಅಲ್ವಾ, ಘಾಟಿ ಕೆಳಗಿಂದ ದೊಡ್ಡ ಅಧಿಕಾರಿ ಬತ್ತಾವ್ನೆ ನಾಳೆ. ವಿಚಾರಣೆ ಮಾಡ್ಲಿ, ತಪ್ಪು ಯಾರ್ದು ಅಂತ ಗೊತ್ತಾಯ್ತದೆ."

ಕಟ್ಟೆಯ ಕೆಳಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ದನ ಕಾಯುವ ರಾಚ ಮೆಲ್ಲಗೆ ಬಾಯಿ ಬಿಟ್ಟ. ಜೀರಹಳ್ಳಿಗೆ ಹೋಗುವ ಕಾಡುದಾರಿಯಲ್ಲಿ ಅವತ್ತು ನಡೆದದ್ದನ್ನು ಎದುರಿನ ದಿಬ್ಬದಿಂದ ಕಂಡವನು ಅವನೊಬ್ಬನೇ. ಹೆದರಿಕೊಂಡು ಇಷ್ಟು ದಿನ ಸುಮ್ಮನಿದ್ದ.

"ಸಾಮೀ, ಅಂವ ಮೊದ್ಲು ಓಡ್ನಿಲ್ಲ. ನಿಂತ್ಕಂಡು ಬಾಯ್ ಮೇಲೆ ಕೈ ಮಡಗ್ದ. ಹಿಂಗೆ." ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಇನ್ನೊಂದು ಕೈಯನ್ನು ಜೀರಹಳ್ಳಿಯ ಕಡೆ ಚಾಚಿ ತೋರಿಸಿದ. "ಆಮ್ಯಾಕೆ ಅವ್ರು ಗಂಟಿಗೆ ಕೈ ಆಕುದ್ರು. ಆಗ ಕಂಬಳಿ ಮುಚ್ಕಂಡು ಪೊದೆಗೆ ಇಳ್ದ."

"ಬೆರಳು ಬಾಯ್ಗಿಟ್ಟು ಜೊತೆಗಾರರಿಗೆ ಸೀಟಿ ಒಡ್ದ ಅಂತ ಬರ್ದವ್ರಲ್ಲಾ ಪೋಲೀಸ್ರು?" ಎಂದ ನಂಜಪ್ಪ.

"ಸೀಟಿ ನಂಗೆ ಕೇಳ್ನಿಲ್ಲ ಸಾಮಿ."

ಎದುರು ಮನೆಯ ಜಗಲಿಯಲ್ಲಿ ರಾಗಿ ಕೇರುತ್ತಿದ್ದ ನಂಜುಂಡಮ್ಮನ ಮೊರ ಅಲ್ಲಿಗೇ ನಿಂತಿತು. ಅವಳು ಮೊರವನ್ನು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ನಂಜುಂಡಮ್ಮನಿಗೆ ಅರವತ್ತು ದಾಟಿತ್ತು. ಗಂಡ ಹೋಗಿ ಬಹಳ ವರ್ಷ. ಬಾಣಂತಿಯರಿಗೆ, ಎಳೆಮಕ್ಕಳಿಗೆ ಬೇರಿನ ಮದ್ದು ಕೊಡುವುದು ಆ ಮನೆಯ ಸೊಸೆಯರಿಗೆ ಮೂರು ತಲೆಮಾರಿನಿಂದ ಬಂದ ಕೆಲಸ. ದೂರದ ತಾಳಮಲೆಯಿಂದಲೂ ಹೆಂಗಸರು ನಡೆದು ಬರುತ್ತಿದ್ದರು. ಮದ್ದಿಗೆ ಒಂದು ಕಟ್ಟುಪಾಡಿತ್ತು: ಒಯ್ಯುವವರು ದಾರಿಯಲ್ಲಿ ಯಾರ ಕಣ್ಣಿಗೂ ಅದನ್ನು ಬೀಳಿಸಬಾರದು, ಬಾಣಂತಿಯ ಕೈಗೆ ಕೊಡುವವರೆಗೆ ಒಂದು ಮಾತೂ ಆಡಬಾರದು. ಆಡಿದರೆ ಮದ್ದಿನ ಗುಣ ಹೋಗುತ್ತದೆ. ಹೆಂಗಸರು ಬರುತ್ತಿದ್ದರು, ಸೆರಗಿನಡಿ ಇಟ್ಟುಕೊಂಡು ತಲೆ ತಗ್ಗಿಸಿ ಹೋಗುತ್ತಿದ್ದರು. ಹೊರಗಿನ ಗಂಡಸರಿಗೆ ಇದು ಯಾವುದೂ ಸರಿಯಾಗಿ ತಿಳಿದಿರಲಿಲ್ಲ, ತಿಳಿಯಬೇಕೆಂದು ಅವರು ಬಯಸಿದ್ದೂ ಇಲ್ಲ.

ಅವತ್ತು ಮಾತ್ರ ಒಬ್ಬ ಗಂಡಸು ಬಂದಿದ್ದ. ಮಧ್ಯಾಹ್ನ, ಹೊಲದ ಕೆಲಸ ಮುಗಿಸಿದವನು ಹಿತ್ತಿಲ ಬೇಲಿಯಾಚೆ ನಿಂತು ಕೂಗಿದ.

"ಅವ್ವಾ, ನಮ್ ಮಗಳು ಪುಟ್ಟಿಗೆ ಎರಿಗೆ ಆಗಿ ಒಂಬತ್ತು ದಿನ. ಮೈ ಕೆಂಡ ಆಗೋಗದಂತೆ. ಜೀರಳ್ಳಿಯಿಂದ ಸುದ್ದಿ ಬಂತು."

"ನಿನ್ ಎಡ್ತಿ ಚೌಡಿ ಬರಕ್ಕಾಗ್ನಿಲ್ವಾ?"

"ಅವ್ಳು ಕಳೆ ಕೀಳಕ್ಕೋಗವ್ಳೆ. ಬರಗಂಟ ಕಾಯಕ್ಕಾಗದಿಲ್ಲ ಅವ್ವಾ. ಕೊಡಿ, ಒಂದೇ ಉಸ್ರಿಗೆ ಓಗ್ತಿನಿ."

ಹಳೆಯ ಸೀರೆಯ ಕೆಂಪು ಅಂಚಿನ ತುಂಡಿನಲ್ಲಿ ಮದ್ದು ಕಟ್ಟಿ ಕೊಡುತ್ತಾ ನಂಜುಂಡಮ್ಮ ಎಂದಿನ ಮಾತನ್ನೇ ಹೇಳಿದ್ದಳು. "ಯಾರ್ಗೂ ತೋರಿಸ್ಬ್ಯಾಡ. ಅವಳ ಕೈಗೆ ಕೊಡಗಂಟ ಬಾಯ್ ಬುಡ್ಬ್ಯಾಡ."

"ದಾರೀಲಿ ಯಾರಾರ ಮಾತಾಡ್ಸುದ್ರೆ?"

"ಬಾಯ್ ಮೇಲೆ ಕೈ ಮಡಗು. ಮುಂದ್ಕೋಗು."

ಜವರ ಆಗಲೇ, ಅಲ್ಲೇ, ಬಾಯಿ ಮೇಲೆ ಕೈಯಿಟ್ಟು ತೋರಿಸಿ ನಕ್ಕಿದ್ದ. ಆಮೇಲೆ ಅವನು ಮಾತಾಡಿದ್ದು ಯಾರೂ ಕೇಳಲಿಲ್ಲ.

ಅದಕ್ಕೆ ಎರಡು ದಿನ ಮೊದಲು ಕಾಡಿನಲ್ಲಿ ಕಳ್ಳರು ಗಂಧದ ಮರ ಕಡಿದಿದ್ದರು. ಪೋಲೀಸರು ದಾರಿ ಕಾಯುತ್ತಿದ್ದರು. ಇದು ನಂಜುಂಡಮ್ಮನಿಗೆ ಹೇಗೆ ಗೊತ್ತಿರಬೇಕು? ಗೊತ್ತಾದ ಮೇಲೆ, ಹೆಣ ಊರಿಗೆ ಬಂದ ಮೇಲೆ, ಊರ ಯಜಮಾನನಾದ ಮೈದುನ ಜಡೆಸ್ವಾಮಿ ಅವಳ ಹತ್ತಿರ ಬಂದು ಹೇಳಿದ್ದ: "ಅತ್ಗೆ, ಇದ್ರಲ್ಲಿ ನಮ್ಮನೆ ಎಸ್ರು ಬರ್ಕೂಡ್ದು." ಅವಳೂ ಹೆದರಿದ್ದಳು. ಮೂರನೇ ದಿನ ಜವರನ ಹೆಂಡತಿ ಚೌಡಮ್ಮ ಹಿತ್ತಿಲ ಬೇಲಿಯ ಹತ್ತಿರ ಬಂದು, "ಅವ್ವಾ, ಅವತ್ತು ಇಲ್ಲಿಗೆ ಬಂದಿದ್ನಾ?" ಎಂದು ಕೇಳಿದಾಗ ನಂಜುಂಡಮ್ಮ, "ಇಲ್ಲ ಕಣವ್ವ," ಎಂದುಬಿಟ್ಟಿದ್ದಳು. ಚೌಡಮ್ಮ ಹೊರಟುಹೋಗಿದ್ದಳು. ಕಳ್ಳನ ಹೆಂಡತಿ ಎಂದು ಆಗಲೇ ಅವಳನ್ನು ಕೂಲಿಗೆ ಕರೆಯುವುದನ್ನು ಬಿಟ್ಟಿದ್ದರು.

ಇನ್ನೊಂದು ಸಂಗತಿ. ಪುಟ್ಟಿಯ ಜ್ವರ ಮದ್ದಿಲ್ಲದೆಯೇ ಇಳಿದಿತ್ತು.

ಸಂಜೆ ಜಡೆಸ್ವಾಮಿ ಉಣ್ಣಲು ಕೂತಾಗ ನಂಜುಂಡಮ್ಮ ಮುದ್ದೆ ಇಟ್ಟು ಎದುರಿಗೆ ಕುಳಿತಳು.

"ನಾಳೆ ನಾನೂ ಯೋಳ್ತಿನಿ, ಜಡೆಸ್ವಾಮಿ."

"ಏನ್ ಯೋಳಿಯೆ?"

"ಇರದ್ನ."

ಜಡೆಸ್ವಾಮಿ ಕೈ ನಿಲ್ಲಿಸಿದ. "ಯೋಳುದ್ರೆ ಇನ್‌ಸ್ಪೆಕ್ಟ್ರು ಏನಂತಾನೆ ಗೊತ್ತಾ? ನಿಮ್ ಮುದುಕಿ ಮಾತ್ ಕೇಳಿ ಸತ್ತ, ನಮ್ದೇನಿಲ್ಲ ಅಂತಾನೆ. ಮದ್ದು ಏನು ಅಂತ ಕೇಳ್ತಾನೆ. ಎಲ್ರ ಮುಂದೆ ಗಂಟು ಬಿಚ್ತಾರೆ. ನಮ್ಮವ್ವ ಸಾಯಗಂಟ ಕಾಪಾಡಿದ್ ಗುಟ್ಟು ಅದು ಅತ್ಗೆ."

"ಗುಟ್ಟು ಏನು ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಉಣ್ಣು, ಸಾರು ಆರೋಯ್ತದೆ."

ಮಾರನೇ ದಿನ ಶಾಲೆಯ ಮುಂದಿನ ಬಯಲಲ್ಲಿ ಮೇಜು ಹಾಕಿದ್ದರು. ಘಾಟಿ ಹತ್ತಿ ಬಂದಿದ್ದ ಅಧಿಕಾರಿ ತಲೆ ನರೆತ ಮನುಷ್ಯ. ತಮಿಳಿನವನಾದರೂ ಕನ್ನಡ ತಕ್ಕಮಟ್ಟಿಗೆ ತಿಳಿಯುತ್ತಿತ್ತು. ಪಕ್ಕದಲ್ಲಿ ಇನ್‌ಸ್ಪೆಕ್ಟರ್. ಅವನ ಹಿಂದೆ ಗುಂಡು ಹೊಡೆದ ಪೋಲೀಸಿನವನು. ಇಪ್ಪತ್ತೆರಡು, ಇಪ್ಪತ್ಮೂರು ವರ್ಷವಿರಬೇಕು. ನಂಜುಂಡಮ್ಮ ಅವನನ್ನು ಕೋಪದಿಂದ ನೋಡಬೇಕೆಂದೇ ಬಂದಿದ್ದಳು. ಅವನು ತನ್ನ ಬೂಟನ್ನೇ ನೋಡುತ್ತಾ ನಿಂತಿದ್ದ.

ಇನ್‌ಸ್ಪೆಕ್ಟರ್ ಕಾಗದ ಓದಿದ. ಮೂರು ಸಲ ಕೂಗಿದ್ದು, ಉತ್ತರ ಬರದಿದ್ದದ್ದು, ಸೀಟಿ, ಓಟ, ಗಂಧದ ಬೇರಿನ ಗಂಟು. ರಾಚನನ್ನು ಕರೆದರು. ಅವನು ಕೈ ಮುಗಿದುಕೊಂಡು ಕಂಡದ್ದನ್ನು ಹೇಳಿದ.

"ದಿಬ್ಬದ ಮೇಲಿಂದ ಬೆರಳೋ ಅಂಗೈಯೋ ಕಂಡಿತೇನಯ್ಯ ನಿನಗೆ?" ಎಂದ ಇನ್‌ಸ್ಪೆಕ್ಟರ್. ರಾಚ ತಲೆ ತಗ್ಗಿಸಿದ.

"ಇನ್ನು ಯಾರಾದರೂ ಹೇಳುವವರಿದ್ದಾರೆಯೆ?" ಎಂದು ಅಧಿಕಾರಿ ಕೇಳಿದ.

ಜಡೆಸ್ವಾಮಿ ಆಕಾಶ ನೋಡಿದ. ನಂಜುಂಡಮ್ಮ ಸೆರಗು ಹೊದ್ದುಕೊಂಡು ಮೇಜಿನ ಮುಂದೆ ಹೋಗಿ ನಿಂತಳು.

"ಆ ಗಂಟು ನಂದು ಸಾಮಿ. ಬಿಚ್ಚಿಸಿ."

ಅರಗಿನ ಮುದ್ರೆ ಹಾಕಿದ್ದೇವೆ, ಬಿಚ್ಚುವಂತಿಲ್ಲ ಎಂದ ಇನ್‌ಸ್ಪೆಕ್ಟರ್. ಬಿಚ್ಚಿ ಎಂದ ಅಧಿಕಾರಿ. ಕಾಗದದ ಪೊಟ್ಟಣದೊಳಗಿನಿಂದ ಕೆಂಪು ಅಂಚಿನ ಬಟ್ಟೆ ಹೊರಬಂತು. ಒಂದು ಮೂಲೆ ಕಪ್ಪಗಾಗಿ ಒಣಗಿತ್ತು. ನಂಜುಂಡಮ್ಮ ಆ ಮೂಲೆಯನ್ನು ನೋಡಲಿಲ್ಲ. ತಾನು ತಂದಿದ್ದ ಸೀರೆಯನ್ನು ಮೇಜಿನ ಮೇಲೆ ಹಾಸಿದಳು. ಹರಿದ ಕಡೆಗೆ ಹರಿದ ಕಡೆ ಕೂಡಿತು.

"ಈಗ ಮೂಸಿ ನೋಡಿ ಸಾಮಿ, ಗಂಧವಾ ಅಂತ."

ಅಧಿಕಾರಿ ಬೇರಿನ ಒಂದು ಚೂರನ್ನು ಮೂಗಿನ ಹತ್ತಿರ ತಂದ. ಅವನ ಹುಬ್ಬು ಮೇಲೆದ್ದಿತು. "ಇದು ಮಾಕಳಿ ಬೇರಲ್ಲವೆ? ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಹಾಕುತ್ತಾರೆ."

ಜನರಲ್ಲಿ ಯಾರೋ ನಕ್ಕರು. ಒಂದೇ ಗಳಿಗೆ, ಅಷ್ಟೆ.

"ಮಾಕಳಿ ಬೇರೇಯ ಸಾಮಿ. ವಸಿ ಒಣಶುಂಠಿ, ಮೆಣಸು. ಬಾಣಂತಿಗೆ ಕೊಡೋ ಮದ್ದು. ಅವನ ಮಗಳಿಗೆ ಕಟ್ಕೊಟ್ಟೆ."

ಇನ್‌ಸ್ಪೆಕ್ಟರ್ ಬಿಡಲಿಲ್ಲ. "ಉಪ್ಪಿನಕಾಯಿ ಬೇರು ಅಂತ ಒಂದು ಮಾತು ಹೇಳಿದ್ದರೆ ನಾವೇ ದಾರಿ ಬಿಡುತ್ತಿದ್ದೆವಲ್ಲಮ್ಮ! ಯಾಕೆ ಹೇಳಲಿಲ್ಲ ಅವನು?"

"ಮಾತಾಡ್ಬ್ಯಾಡ ಅಂತ ನಾ ಯೋಳಿದ್ದೆ. ಮಾತಾಡುದ್ರೆ ಮದ್ದಿನ ಗುಣ ಓಗ್ತದೆ ಅಂತ. ಯಾರಾರ ಕೇಳುದ್ರೆ ಬಾಯ್ ಮೇಲೆ ಕೈ ಮಡಗು ಅಂದಿದ್ದೆ. ಮಡಗ್ದ."

ಹೆಂಗಸರ ಗುಂಪಿನ ಕೊನೆಯಲ್ಲಿ, ಎಲ್ಲರಿಗಿಂತ ದೂರದಲ್ಲಿ ಚೌಡಮ್ಮ ಕೂತಿದ್ದಳು. ಅವಳು ಎದ್ದು ನಿಂತದ್ದು ನಂಜುಂಡಮ್ಮನಿಗೆ ಕಂಡಿತು.

ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಕೇಳಿದ: "ಮಾತಾಡಿದರೆ ಗುಣ ಹೋಗುವುದು ನಿಜವೇನಮ್ಮ?"

ಜಡೆಸ್ವಾಮಿ ಕೆಮ್ಮಿದ. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಊರೆಲ್ಲ ಹೌದೆಂದು ತಲೆದೂಗುತ್ತಿತ್ತು, ಮನೆಯ ಹೆಸರೂ ಉಳಿಯುತ್ತಿತ್ತು. ಆದರೆ ಚೌಡಮ್ಮ ಹಾಗೆ ಎದ್ದು ನಿಂತಿರುವಾಗ ಸತ್ತವನನ್ನು ಇನ್ನೊಂದು ಸುಳ್ಳಿನ ಕೆಳಗೆ ಹೂಳಲು ನಂಜುಂಡಮ್ಮನಿಗೆ ಆಗಲಿಲ್ಲ.

"ಸುಳ್ಳು ಸಾಮಿ. ನಮ್ಮತ್ತೆ ಕಟ್ಟಿದ್ ಸುಳ್ಳು. ಕಾಡಲ್ಲಿ, ಸಂತೇಲಿ ಎಲ್ಲಾರ್ಗೂ ಸಿಕ್ಕೋ ಸಾಮಾನು ಅಂತ ಜನಕ್ಕೆ ತಿಳುದ್ರೆ ನಮ್ಮನೆ ಬಾಗ್ಲಿಗೆ ಯಾರ್ ಬತ್ತಾರೆ? ಅದ್ಕೆ ಬಾಯ್ ಬುಡ್ಬ್ಯಾಡಿ ಅಂದ್ರು. ಗೊತ್ತಿದ್ದೂ ನಾನೂ ಅಂದೆ."

"ಕೇಳಿದಿರಾ ಸಾರ್," ಎಂದ ಇನ್‌ಸ್ಪೆಕ್ಟರ್. "ಈಕೆಯೇ ಒಪ್ಪುತ್ತಿದ್ದಾಳೆ, ಅವನ ಸಾವಿಗೆ ಕಾರಣ..."

"ವಸಿ ತಡಿ ಸಾಮಿ." ನಂಜುಂಡಮ್ಮ ಅವನ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ. "ಅವನ ಬಾಯ್ ಕಟ್ಟಿದ್ದು ನಾನು. ಬೆನ್ಗೆ ಒಡ್ದದ್ದು ನಾನಲ್ಲ. ಗಂಟು ಮೂಸ್ದೇನೇ ಗಂಧ ಅಂತ ಬರ್ದದ್ದೂ ನಾನಲ್ಲ. ನನ್ ಪಾಲ್ದು ಊರ ಮುಂದೆ ಒಪ್ಕಂಡಿವ್ನಿ. ನಿಮ್ ಪಾಲ್ದು ನೀವು ಒಪ್ಕಳಿ."

ಬೂಟು ನೋಡುತ್ತಿದ್ದ ಆ ಪೋಲೀಸಿನವನು ತಲೆಯೆತ್ತಿ ಬಾಯಿ ತೆರೆದ. ಇನ್‌ಸ್ಪೆಕ್ಟರ್ ಅವನ ಕಡೆ ಒಮ್ಮೆ ನೋಡಿದ. ಅವನು ಬಾಯಿ ಮುಚ್ಚಿಕೊಂಡ.

ಜನ ಚದುರಿದ ಮೇಲೆ ಶಾಲೆಯ ಬೇಲಿಯ ಹತ್ತಿರ ಚೌಡಮ್ಮ ಕಾದಿದ್ದಳು. ಅವಳ ಕಣ್ಣುಗಳು ಒಣಗಿದ್ದವು.

"ನಾ ಬಂದು ಕೇಳ್ದಾಗ ಇಲ್ಲ ಅಂದ್ರಿ."

"ಅಂದೆ ಕಣವ್ವ."

"ಅದ ಬುಡಿ. ಮದ್ದಿನ ಮಾತು ಸುಳ್ಳು ಅಂತ ಅವತ್ತೇ ಅವನ ಕಿವಿಗೆ ಆಕಿದ್ರೆ, ಒಂದ್ ಮಾತಾಡ್ತಿದ್ದ. ವಾಚಾಳಿ ಅವ್ವಾ ಅಂವ. ಎತ್ತಿನ ಜೊತೇಲೂ ಮಾತಾಡ್ತಿದ್ದ. ಅಂತವ್ನು ಮಗಳಿಗೋಸ್ಕರ ಬಾಯ್ ಕಟ್ಕಂಡು ಸತ್ನಲ್ಲಾ."

ಕ್ಷಮಿಸು ಎನ್ನುವುದು ನಂಜುಂಡಮ್ಮನಿಗೆ ತೀರಾ ಚಿಕ್ಕ ಮಾತಾಗಿ ಕಂಡಿತು.

ಆ ತಿಂಗಳೆಲ್ಲ ಅರಳಿಕಟ್ಟೆ ಎರಡು ಪಾಲಾಗಿತ್ತು. ಪೋಲೀಸಿನವನನ್ನು ಜೈಲಿಗೆ ಹಾಕಬೇಕೆಂದು ಚಿಕ್ಕಯ್ಯ. ಮುದುಕಿಗೆ ಬುದ್ಧಿಯಿದ್ದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ನಂಜಪ್ಪ. ಪೋಲೀಸರೇ ಇಲ್ಲದಿದ್ದರೆ ನಿನ್ನ ಅಂಗಡಿಯ ಬೀಗ ಯಾರು ಕಾಯುತ್ತಾರೆ ಎಂದೊಬ್ಬ. ನನ್ನ ಅಂಗಡಿಯಲ್ಲಿ ಕದಿಯುವುದಕ್ಕೆ ಏನಿದೆ, ಪೋಲೀಸರು ಕುಡಿದು ಹೋದ ಟೀ ಲೋಟವೆ ಎಂದು ನಂಜಪ್ಪನೇ. ನಂಜುಂಡಮ್ಮನ ಬಾಗಿಲಿಗೆ ಮದ್ದಿಗೆಂದು ಜನ ಬರುವುದು ನಿಂತಿತು. ಜಡೆಸ್ವಾಮಿ ಅವಳೊಡನೆ ಮಾತು ಬಿಟ್ಟ. ಮುದ್ದೆ ಉಣ್ಣುತ್ತಿದ್ದ, ಎದ್ದು ಹೋಗುತ್ತಿದ್ದ.

ಕಡೆಗೊಂದು ದಿನ ಕಾಗದ ಬಂತು. ಶಾಲೆಯ ಮೇಷ್ಟ್ರು ಓದಿ ಕನ್ನಡದಲ್ಲಿ ಹೇಳಿದರು. ಜವರ ಕಳ್ಳನಲ್ಲ, ಅವನ ಬಳಿ ಗಂಧ ಇರಲಿಲ್ಲ. ಕರ್ತವ್ಯದ ಮೇಲಿದ್ದ ಪೋಲೀಸಿನವನು ತಪ್ಪು ತಿಳಿವಳಿಕೆಯಿಂದ ಗುಂಡು ಹಾರಿಸಿದ್ದಾನೆ. ಅವನನ್ನು ಬೇರೆ ಊರಿಗೆ ವರ್ಗ ಮಾಡಿದೆ.

ಚೌಡಮ್ಮ ದೂರದಿಂದಲೇ ಕೇಳಿದಳು. "ಕಳ್ಳ ಅಲ್ಲ ಅಂತ ಬರ್ದದಾ ಸಾಮಿ?"

"ಬರೆದಿದೆ."

"ಕೊಂದೋನ್ಗೆ ಏನು ಅಂತ ಬರ್ದದೆ?"

"ವರ್ಗ."

"ಅಂದ್ರೆ?"

"ಬೇರೆ ಊರಿನ ಠಾಣೆಗೆ ಹೋಗ್ತಾನೆ."

"ಕೋವಿ?"

ಮೇಷ್ಟ್ರು ಕಾಗದವನ್ನು ಮಡಿಸಿದರು. "ಅದರ ವಿಷಯ ಏನೂ ಇಲ್ಲ ಕಣಮ್ಮ."

ಮಾರನೇ ದಿನ ಬೆಳಿಗ್ಗೆ ಚೌಡಮ್ಮ ಮಗಳನ್ನೂ ಮೊಮ್ಮಗುವನ್ನೂ ನೋಡಲು ಜೀರಹಳ್ಳಿಗೆ ಹೊರಟಾಗ ನಂಜುಂಡಮ್ಮ ಊರ ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ಮುಚ್ಚಳವಿಲ್ಲದ ಬುಟ್ಟಿ. ಅದರಲ್ಲಿ ಮಾಕಳಿ ಬೇರು, ಶುಂಠಿ, ಮೆಣಸು, ಎಲ್ಲ ಕಾಣುವಂತೆ.

"ನಾನೂ ಬತ್ತೀನಿ," ಎಂದಳು.

ಚೌಡಮ್ಮ ಬೇಡ ಎನ್ನಲಿಲ್ಲ, ಬನ್ನಿ ಎನ್ನಲೂ ಇಲ್ಲ. ಮುಂದೆ ನಡೆದಳು.

ದಾರಿಯಲ್ಲಿ ಸೌದೆ ಹೊತ್ತ ಹೆಂಗಸರು ಸಿಕ್ಕರು. ಅವರು ಕೇಳುವ ಮೊದಲೇ ನಂಜುಂಡಮ್ಮ ಬುಟ್ಟಿ ಇಳಿಸಿ ತೋರಿಸಿದಳು. "ಬಾಣಂತಿ ಮದ್ದು ಕಣ್ರವ್ವ. ಇದು ಮಾಕಳಿ ಬೇರು, ಒಂದು ಬೆರಳುದ್ದ. ಶುಂಠಿ ಇಷ್ಟು, ಮೆಣಸು ಒಂಬತ್ತು. ಒಂದು ಸೇರು ನೀರು ಕಾಲು ಸೇರಾಗಗಂಟ ಕಾಯ್ಸಿ. ನೀವೇ ಮಾಡ್ಕಳಿ. ಯಾರ್ ಮನೆ ಬಾಗ್ಲಿಗೂ ಓಗ್ಬ್ಯಾಡಿ." ದನ ಹೊಡೆದುಕೊಂಡು ಹೋಗುತ್ತಿದ್ದವನಿಗೂ ಅದನ್ನೇ ಹೇಳಿದಳು. ಬೇಲಿಗೆ ಮುಳ್ಳು ಕಟ್ಟುತ್ತಿದ್ದ ಮುದುಕನಿಗೂ ಹೇಳಿದಳು. ಅವನಿಗೆ ಕಿವಿ ಕೇಳದು, ಅವನು ಸುಮ್ಮನೆ ನಕ್ಕ.

ಕಾಡು ಶುರುವಾಗುವ ತಿರುವಿನಲ್ಲಿ ಪೊದೆಯ ಒಂದು ಕಡೆ ಕೊಂಬೆಗಳು ಮುರಿದು ಒಣಗಿದ್ದವು. ಚೌಡಮ್ಮ ಅಲ್ಲಿ ನಿಂತಳು. ನಂಜುಂಡಮ್ಮನೂ ನಿಂತಳು.

ಅಷ್ಟು ಹೊತ್ತು ದಾರಿಯುದ್ದಕ್ಕೂ ಆಡಿದವಳಿಗೆ ಅಲ್ಲಿ ಒಂದು ಮಾತೂ ಹೊರಡಲಿಲ್ಲ. ಅವಳಿಗೇ ತಿಳಿಯದಂತೆ ಅವಳ ಕೈ ಬಾಯಿಯ ಮೇಲೆ ಹೋಗಿತ್ತು.

ಚೌಡಮ್ಮ ಅದನ್ನು ನೋಡಿದಳು. ಆಮೇಲೆ ಹತ್ತಿರ ಬಂದು, ತನ್ನ ಕೇರಿಯವರು ಎಂದೂ ಮುಟ್ಟದ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ತಗೀರಿ ಅವ್ವಾ," ಎಂದಳು. "ಇನ್ನ ಅದು ಬ್ಯಾಡ. ನಡೀರಿ, ಬಿಸ್ಲೇರ್ತದೆ."