ಪೈಲ್ವಾನ ಕೂಡಿಟ್ಟದ್ದು

ಕರ್ನಾಟಕ ಏಕೀಕರಣಕ್ಕೆ ಎರಡು ವರ್ಷ ಮುಂಚಿನ ಮಾತು. ದಾವಣಗೆರೆ ಪಕ್ಕದ ಆನೆಕೊಂಡದ ಪೈಲ್ವಾನ ಕೆಂಚಣ್ಣನಿಗೆ ತನ್ನ ಮೈಯೇ ದೇವಸ್ಥಾನ. ಪೂಜಾರಿಯೂ ಅವನೇ, ಭಕ್ತನೂ ಅವನೇ. ನಲವತ್ತು ಹನಿ ರಕ್ತಕ್ಕೆ ಒಂದು ಹನಿ ವೀರ್ಯವೆಂದು ಗರಡಿಯ ಉಸ್ತಾದ ಹೇಳಿದ್ದನ್ನು ನಂಬಿ, ಒಂದು ಹನಿಯೂ ಪೋಲಾಗದಿರಲೆಂದು ಹಗಲು ರಾತ್ರಿ ಲಂಗೋಟಿ ಬಿಗಿದುಕೊಂಡೇ ಇರುತ್ತಿದ್ದ. ಹೆಂಡತಿ ಹುಲಿಗೆಮ್ಮನ ಬಳಿ ಸುಳಿಯುತ್ತಿದ್ದುದು ತಿಂಗಳಿಗೊಮ್ಮೆ, ಅದೂ ದಾನ ಕೊಡುವ ಧಣಿಯ ಗತ್ತಿನಲ್ಲಿ. ಏಳು ವರ್ಷವಾದರೂ ಮಕ್ಕಳಾಗಲಿಲ್ಲ. ಬಂಜೆ ಎಂಬ ಹೆಸರು ಮಾತ್ರ ಅವಳಿಗೆ ಬಂತು. ಬೇರು ಅರೆದು ಕುಡಿದು ಅವಳ ಬಾಯಿ ಕೆಟ್ಟಿತು, ಅರಳೀಮರ ಸುತ್ತಿ ಕಾಲು ಸವೆಯಿತು.

ಈಗ ಹರಿಹರದಲ್ಲಿ ಅವನ ಎರಡನೆಯ ಮದುವೆಗೆ ಹೆಣ್ಣು ಗೊತ್ತಾಗಿತ್ತು.

"ನಾಳೆ ನೀನೂ ಬಾ. ಮೊದಲ್ನೇ ಹೆಂಡ್ತಿ ಒಪ್ಪಿದ್ರೇನೆ ಹೆಣ್ಣು ಕೊಡೋದಂತೆ."

"ಒಪ್ತೀನಿ. ಇವತ್ತು ಇಬ್ರೂ ಡಾಕ್ಟ್ರ ಹತ್ರ ಹೋಗಾನ. ತಪ್ಪು ನಂದಾದ್ರೆ ನಾನೇ ಅಕ್ಷತೆ ಹಾಕ್ತೀನಿ."

ಕೆಂಚಣ್ಣ ಮೀಸೆ ತಿರುವುತ್ತ ಅವಳೊಂದಿಗೆ ಹೋದ. ದಾವಣಗೆರೆ ಪೇಟೆಯ ಡಾಕ್ಟರಿಗೆ ಹುಲಿಗೆಮ್ಮನಲ್ಲಿ ಯಾವ ದೋಷವೂ ಕಾಣಲಿಲ್ಲ. ಪೈಲ್ವಾನ ಸೀಸೆಯಲ್ಲಿ ಕೊಟ್ಟದ್ದನ್ನು ಸೂಕ್ಷ್ಮದರ್ಶಕದಲ್ಲಿ ಎರಡೆರಡು ಸಲ ನೋಡಿ ತಲೆಯೆತ್ತಿದರು.

"ನೀರು ಬೇಕಾದಷ್ಟೈತೆ ಪೈಲ್ವಾನ್ರೆ, ಬೀಜಾನೇ ಇಲ್ಲ. ಅಲ್ಲೊಂದು ಇಲ್ಲೊಂದು ಐತೆ, ಅವೂ ಸತ್ತಾವೆ."

"ಏಳು ವರ್ಷದಿಂದ ಕೂಡಿಟ್ಟೀನಲ್ರೀ!"

"ಕೂಡಿಡಾಕೆ ಅದೇನು ನೆಲದಾಗಿನ ಹಗೇವಿಗೆ ತುಂಬೋ ಜೋಳನಾ? ಬೀಜ ಹುಟ್ಟೋದು ವೃಷಣದ ಒಳಗೆ, ಕೂದಲೆಳೆಯಂಥ ಕೊಳವೆಗಳಲ್ಲಿ. ಬಲಿತು ಹೊರಗೆ ಬರಾಕೆ ಮೂರು ತಿಂಗಳು ಹಿಡೀತೈತೆ. ನೀರು ಬೇರೆ ಗ್ರಂಥಿಗಳಿಂದ ಬಂದು ಅದರ ಜತೆ ಸೇರ್ತೈತೆ. ರಕ್ತದ ಲೆಕ್ಕ ಎಲ್ಲ ಸುಳ್ಳು. ಮೈಕಾವಿನಾಗೆ ಬೀಜ ಬೆಳೆಯಲ್ಲ, ಅದಕ್ಕೇ ಆ ಚೀಲ ಮೈಯಿಂದ ಹೊರಗೆ ಜೋತುಬಿದ್ದಿರೋದು. ನೀವು ಅದನ್ನ ಮೈಗೆ ಒತ್ತಿ ಬಿಗಿದು ಬೇಯಿಸಿಬಿಟ್ಟೀರಿ ಅನ್ಸತೈತೆ. ಲಂಗೋಟಿ ಬಿಚ್ಚಿಟ್ಟು ಮೂರು ತಿಂಗಳಾದ್ಮೇಲೆ ಬರ್ರಿ, ನೋಡಾನ."

ಹುಲಿಗೆಮ್ಮನಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಒಂದು ಗೇಣು ಬಟ್ಟೆಗಾಗಿ ಏಳು ವರ್ಷ ಊರವರಿಂದ ಬಂಜೆ ಅನ್ನಿಸಿಕೊಂಡಿದ್ದಳು.

"ಕಡ್ಡಿಯಂಥ ಡಾಕ್ಟ್ರಿಗೆ ಪೈಲ್ವಾನನ ಮೈ ಏನು ಗೊತ್ತು?" ಬೀದಿಗೆ ಬಂದದ್ದೇ ಕೆಂಚಣ್ಣ ಉಗುಳಿದ. "ನಾಳೆ ಬಾಯಿ ಮುಚ್ಕೊಂಡು ಬಾ."

ಹರಿಹರದಲ್ಲಿ ಹೆಣ್ಣಿನ ತಂದೆ ಬೋರಣ್ಣ ತಾಂಬೂಲದ ತಟ್ಟೆ ಮುಂದಿಟ್ಟುಕೊಂಡು ಕೇಳಿದ: "ನಿನ್ನ ಒಪ್ಪಿಗೆ ಐತೇನವ್ವ?"

ಇಷ್ಟು ಗಂಡಸರ ಎದುರು ಇವಳು ತುಟಿ ಬಿಚ್ಚುವುದುಂಟೇ ಎಂದು ಕೆಂಚಣ್ಣ ಎದೆಯುಬ್ಬಿಸಿ ಕೂತಿದ್ದ.

"ಐತಣ್ಣ," ಎಂದಳು ಹುಲಿಗೆಮ್ಮ. "ಆದ್ರೆ ಇವರ ಬೀಜ ಸತ್ತೈತೆ ಅಂತ ನಿನ್ನೆ ಡಾಕ್ಟ್ರು ಹೇಳ್ಯಾರೆ. ಬೇಕಾದ್ರೆ ಹೋಗಿ ಕೇಳ್ರಿ. ಗಂಡನ್ನ ನಿಮ್ಮ ಮಗಳಿಗೆ ಬಿಟ್ಟುಕೊಡ್ತೀನಿ. ಬಂಜೆ ಅನ್ನೋ ಹೆಸರನ್ನೂ ಆಕೀನೇ ಹೊರಬೇಕಾಗ್ತೈತೆ."

ಒಳಗಿನಿಂದ ಹೆಣ್ಣಿನ ತಾಯಿ ಬಂದು, ಯಾರ ಮುಖವನ್ನೂ ನೋಡದೆ ತಟ್ಟೆ ಎತ್ತಿಕೊಂಡು ಹೋದಳು. ಕುಸ್ತಿಯಲ್ಲಿ ಒಮ್ಮೆಯೂ ಬೆನ್ನಿಗೆ ಮಣ್ಣು ತಾಗಿಸಿಕೊಳ್ಳದವನು ಅಲ್ಲಿಂದ ಎದ್ದು ಬರಲು ಒದ್ದಾಡಿದ.

ಬಸ್ಸಿಗೆ ಕಾಯುವಾಗ ಅವನ ದನಿ ಇಳಿದಿತ್ತು. "ಲಂಗೋಟಿ ಬಿಚ್ಚಿಟ್ಟು ಮೂರು ತಿಂಗಳಾದ್ಮೇಲೆ ಡಾಕ್ಟ್ರಿಗೆ ತೋರಿಸ್ತೀನಿ. ಸರಿಹೋದ್ರೆ ನೀನೇ ಇರು, ಬೇರೆಯವಳು ಬ್ಯಾಡ."

"ನೀವು ತೋರಿಸ್ಕೊಳ್ರಿ. ನಾನು ಇರಬೇಕೋ ಬ್ಯಾಡೋ ಅನ್ನೋದನ್ನ ಅಷ್ಟರಾಗೆ ನಾನು ನೋಡ್ತೀನಿ."

ದಾವಣಗೆರೆಯಲ್ಲಿ ಇಳಿದ ಹುಲಿಗೆಮ್ಮ ಅವನ ಹಿಂದೆ ಹೋಗಲಿಲ್ಲ. ಲೋಕಿಕೆರೆಯ ತವರಿನ ದಾರಿ ಹಿಡಿದಳು.