ಭಾವನ ಕಿವಿ

"ಅಲಾರಂ ಕೂಗಿರುತ್ತೆ ಕಣೋ. ನನಗೇ ಕೇಳಿಸಿಲ್ಲ," ಎಂದರು ಭಾವ, ದಡದ ಕಟ್ಟೆಯ ಮೇಲೆ ಕೂತು. ಅವರ ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು ಸುತ್ತಿತ್ತು.

ಕೆಳಗೆ ಲಾಂಚಿನ ಎಂಜಿನ್ ಪಕ್ಕ ಮಂಡಿಯೂರಿದ್ದ ಮೆಕ್ಯಾನಿಕ್ ಅವರ ಹೆಂಡತಿಯ ತಮ್ಮ. ಪಂಪಿನ ಮುಚ್ಚಳ ಬಿಚ್ಚಿದ. ಒಳಗಿನ ರಬ್ಬರ್ ಚಕ್ರ ಸುಟ್ಟು ಚೂರಾಗಿತ್ತು. ಹೊಳೆಯಿಂದ ನೀರೆಳೆಯುವ ಬಾಯಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡು, ತಂಪು ಮಾಡುವ ನೀರಿಲ್ಲದೆ ಎಂಜಿನ್ ಕಾದು, ಮೂವತ್ತೊಂದು ಜನರನ್ನು ಹೊತ್ತ ಲಾಂಚು ನಿನ್ನೆ ನಡುಹೊಳೆಯಲ್ಲಿ ನಿಂತುಬಿಟ್ಟಿತ್ತು. ಹೊಗೆ ಕಂಡು, ಚುಕ್ಕಾಣಿ ಬಿಟ್ಟು ಎಂಜಿನ್ನಿನ ಮುಚ್ಚಳಕ್ಕೆ ಕೈಹಾಕಿದ ಭಾವನ ಮೇಲೆ ಕುದಿನೀರು ಚಿಮ್ಮಿತ್ತು. ಹಾಗಾಗಬಾರದೆಂದೇ ಅಲಾರಂ ಇಟ್ಟಿದ್ದರು. ನೀರಿನ ಹರಿವು ಕಡಿಮೆಯಾದರೆ ಅದು ಚುಕ್ಕಾಣಿಯ ಪಕ್ಕದಲ್ಲೇ ಕಿವಿ ಕಿತ್ತುಹೋಗುವ ಹಾಗೆ ಕೂಗಬೇಕು.

ಕೂಗಿರಲಿಲ್ಲ. ಅದು ಮೆಕ್ಯಾನಿಕ್‌ಗೆ ಮಾತ್ರ ಗೊತ್ತಿತ್ತು. ಕಾರಣವಿಲ್ಲದೆ ಕೂಗಿ ಜನರನ್ನು ಬೆಚ್ಚಿಬೀಳಿಸುತ್ತಿದ್ದ ಅದರ ಎರಡು ತಂತಿಗಳನ್ನು ಮೂರು ವಾರದ ಹಿಂದೆ ಅವನೇ ಕಿತ್ತು, ತುದಿಗೆ ಟೇಪು ಸುತ್ತಿದ್ದ. ಸೋಮವಾರ ಸೆನ್ಸರ್ ಬದಲಾಯಿಸಿದರಾಯಿತು ಎಂದುಕೊಂಡಿದ್ದ. ಸೋಮವಾರ ಬೇರೆ ಕೆಲಸ ಬಂತು. ಭಾವನಿಗೆ ಒಂದು ಮಾತು ಹೇಳುವುದೂ ಮರೆತುಹೋಯಿತು. ಸದ್ದು ನಿಂತದ್ದರಿಂದ ರಿಪೇರಿಯಾಯಿತೆಂದು ಭಾವ ನಂಬಿದ್ದರು.

ಮೇಲೆ ಲಾಂಚಿನ ಮಾಲೀಕರ ಚಪ್ಪಲಿಯ ಸಪ್ಪಳ ಕೇಳಿಸಿತು. ಅವನ ತಲೆ ಯೋಚಿಸುವ ಮೊದಲೇ ಕೈ ಕೆಲಸ ಮುಗಿಸಿತು. ಟೇಪು ಕಿತ್ತು, ತಂತಿ ಸೇರಿಸಿ, ಟೇಪಿನ ಉಂಡೆಯನ್ನು ಜೇಬಿಗೆ ಹಾಕಿಕೊಳ್ಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಕೀ ತಿರುಗಿಸಪ್ಪ, ಅಲಾರಂ ನೋಡೋಣ," ಎಂದರು ಮಾಲೀಕರು.

ಕೀ ತಿರುಗಿಸಿದ. ಪಂಪಿನಲ್ಲಿ ನೀರಿಲ್ಲದ್ದರಿಂದ ಅದು ಚೀರಿತು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರೂ ತಲೆಯೆತ್ತಿ ನೋಡಿದರು.

"ಇಷ್ಟು ಜೋರಾಗಿ ಕೂಗುತ್ತಲ್ಲ ಯಜಮಾನ್ರೇ!" ಭಾವನ ಕಡೆ ತಿರುಗಿದ ಮಾಲೀಕರ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. "ಹೋಗ್ಲಿ ಬಿಡಿ. ವಯಸ್ಸು ಯಾರನ್ನ ಕೇಳಿ ಬರುತ್ತೆ."

ಭಾವ ಎಡಗೈಯಲ್ಲಿ ತಡವರಿಸುತ್ತ ಜೇಬಿನಿಂದ ಇನ್ನೊಂದು ಕೀ ತೆಗೆದು ಕೊಟ್ಟರು. "ಜನರ ಜೀವದ ವಿಷಯ. ನಾನಿನ್ನು ಓಡಿಸಲ್ಲ." ಇಪ್ಪತ್ತಾರು ವರ್ಷ ಆ ಹೊಳೆ ದಾಟಿಸಿದವರು ಅಷ್ಟೇ ಹೇಳಿ ಎದ್ದು ಹೋದರು. ಮೆಕ್ಯಾನಿಕ್ ಮತ್ತೆ ಪಂಪಿನ ಮೇಲೆ ಬಗ್ಗಿದ.

ಆಮೇಲೆ ಅಕ್ಕನ ಮನೆಯಲ್ಲಿ ಎಲ್ಲರೂ ಕಿರುಚಿಯೇ ಮಾತಾಡತೊಡಗಿದರು. "ನಮ್ಮನೇಲಿ ಏನಡುಗೆ ಅಂತ ಇಡೀ ಬೀದಿಗೆ ಗೊತ್ತು ಈಗ," ಎಂದು ಅಕ್ಕ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಕಿವಿ ಡಾಕ್ಟರು ವಯಸ್ಸಿಗೆ ತಕ್ಕಂತೆ ಒಂಚೂರು ಕಡಿಮೆಯಾಗಿದೆ ಎಂದಿದ್ದರು. ಭಾವನಿಗೆ ಆ ಒಂಚೂರೇ ಸಾಕಾಯಿತು. ಎದುರಿನವರ ತುಟಿ ನೋಡುತ್ತ ಕೂರುವುದು ಕಲಿತರು. ಎಲ್ಲರೂ ನಕ್ಕ ಮೇಲೆ ನಗುತ್ತಿದ್ದರು. ಮೊಮ್ಮಗಳನ್ನು ಶಾಲೆಗೆ ಬಿಡುವುದನ್ನೂ ನಿಲ್ಲಿಸಿದರು. "ಹಿಂದಿನಿಂದ ಗಾಡಿ ಬಂದ್ರೆ ನಂಗೆ ಕೇಳಿಸುತ್ತೋ ಇಲ್ವೋ," ಎಂದು ಮಗುವಿನ ಕೈ ಬಿಡಿಸಿಕೊಂಡದ್ದನ್ನು ಮೆಕ್ಯಾನಿಕ್ ಕಣ್ಣಾರೆ ಕಂಡ.

ಭಾನುವಾರ ಮಧ್ಯಾಹ್ನ ಅಕ್ಕನ ಹಿತ್ತಲಿನ ನಲ್ಲಿ ರಿಪೇರಿ ಮಾಡಿ, ನೀರು ಬಿಟ್ಟು ನೋಡುತ್ತಿದ್ದ. ಹಿಂದೆ ಮೆಟ್ಟಿಲ ಮೇಲೆ ಭಾವ ಪೇಪರ್ ಓದುತ್ತಿದ್ದರು. ಅವನು ತಿರುಗಲಿಲ್ಲ. ಗೋಡೆಗೆ ಹೇಳುವವನಂತೆ, ಬಕೆಟ್ಟಿಗೆ ಬೀಳುವ ನೀರಿನ ಸದ್ದಿಗಿಂತ ಮೆಲ್ಲಗೆ ಹೇಳಿದ.

"ಭಾವ, ಅವತ್ತು ಅಲಾರಂ ಕೂಗಲೇ ಇಲ್ಲ. ತಂತಿ ನಾನೇ ಕಿತ್ತಿದ್ದೆ. ಮಾಲೀಕರು ಬರೋಷ್ಟರಲ್ಲಿ ಸೇರಿಸಿಬಿಟ್ಟೆ."

ಹಿಂದಿನಿಂದ ಸದ್ದಿಲ್ಲ. ಕೇಳಿಸಿಲ್ಲ ಎಂದುಕೊಂಡ. ಎದೆ ಹಗುರಾಯಿತು. ಹಗುರಾದದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಪೇಪರ್ ಮಡಚುವ ಸದ್ದು.

"ನಲ್ಲಿ ನಿಲ್ಸು," ಎಂದರು ಭಾವ. "ನೀರು ಸುಮ್ನೆ ಹೋಗ್ತಿದೆ. ನೀನು ಹೇಳಿದ್ದು ಕೇಳಿಸ್ತು."

ಅವನು ತಿರುಗಿದ. ಭಾವ ತಮ್ಮ ಬ್ಯಾಂಡೇಜನ್ನೇ ನೋಡುತ್ತಿದ್ದರು.

"ಅವತ್ತು ಅದು ಕೂಗಿದಾಗ ನನ್ನ ಮುಖ ನೋಡಿದ್ಯಾ?"

"ಇಲ್ಲ ಭಾವ. ನೋಡೋಕಾಗ್ಲಿಲ್ಲ."

"ನೋಡ್ಬೇಕಿತ್ತು."

ಒಳಗಿನಿಂದ ಅಕ್ಕ ಗಂಟಲು ಹರಿಯುವಂತೆ ಕಾಫಿಗೆ ಕರೆದಳು. "ಮೆಲ್ಲಗೆ ಕರಿಯೇ," ಎಂದರು ಭಾವ. ಎದ್ದು ಒಳಗೆ ಹೋದರು. ಅವನನ್ನು ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಮಾಲೀಕರ ಆಫೀಸಿಗೆ ಹೋಗಿ, ಕೂರದೆ, ಎಲ್ಲವನ್ನೂ ಹೇಳಿದ. ಎಂಜಿನ್ ಕೆಲಸ ಹೋಯಿತು. ಬೇಕಿದ್ದರೆ ದಡದಲ್ಲಿ ಸಾಮಾನು ಹೊರಬಹುದು ಎಂದರು ಮಾಲೀಕರು. ಅವನು ಒಪ್ಪಿಕೊಂಡ.

ಕೈ ವಾಸಿಯಾಗುವ ಮೊದಲೇ ಭಾವ ಲಾಂಚಿಗೆ ಮರಳಿದರು. ಮೊದಲ ದಿನ ಜನ ತುಂಬಿದ್ದರು. ದಡದ ಕಂಬದ ಹತ್ತಿರ ಮೂಟೆ ಇಳಿಸಿ ನಿಂತಿದ್ದವನ ಕಡೆ ತಿರುಗದೆ ಭಾವ ಹೇಳಿದರು, "ಹಗ್ಗ."

ಅವನು ಹಗ್ಗ ಬಿಚ್ಚಿ ಎಸೆದ. ಅದು ಅವರ ಕಾಲ ಹತ್ತಿರ ಬಿತ್ತು. ಭಾವ ಎಡಗೈಯನ್ನು ಚುಕ್ಕಾಣಿಯಿಂದ ತೆಗೆಯದೆ, ಒದ್ದೆ ಹಗ್ಗವನ್ನು ಪಾದದಿಂದಲೇ ಸ್ವಲ್ಪ ಸ್ವಲ್ಪವಾಗಿ ಒಳಗೆಳೆದುಕೊಳ್ಳುತ್ತ ದೂರವಾದರು.