ನೆಲ ಅಗೆದ ಗುರುತಿಲ್ಲ

ನಾನು ಒಂದು ಕಂಪ್ಯೂಟರ್. ಹುಟ್ಟೂರು ಯಾವುದು ಎಂದು ಕೇಳಿದರೆ ಹೇಳುವುದು ಕಷ್ಟ. ಮಿದುಳು ಒಂದು ದೇಶದ್ದು, ನೆನಪು ಇನ್ನೊಂದು ದೇಶದ್ದು, ಮೈಮೇಲಿನ ತಗಡು ಮಾತ್ರ ನಮ್ಮದು. ದೊಡ್ಡ ಶೆಡ್ಡೊಂದರಲ್ಲಿ ನೀಲಿ ಟೋಪಿಯ ಹೆಂಗಸೊಬ್ಬಳು ನನ್ನ ಕೊನೆಯ ಸ್ಕ್ರೂ ಬಿಗಿದು ಗುಂಡಿ ಒತ್ತಿದಳು. ನನಗೆ ಎಚ್ಚರವಾಯಿತು. "ಓಕೆ" ಎಂದಳು. ಅದು ನನಗೆ ಸಿಕ್ಕ ಮೊದಲ ಹೊಗಳಿಕೆ. ಆಮೇಲೆ ಬಹಳ ವರ್ಷ ಇನ್ನೊಂದು ಸಿಗಲಿಲ್ಲ.

ಲಾರಿಯಲ್ಲಿ ಕುಲುಕುತ್ತ ಬಂದು ಇಳಿದದ್ದು ಗಣಿ ನಾಡಿನ ಒಂದು ತಾಲ್ಲೂಕು ಕಚೇರಿಗೆ. ಊರಿನ ಹೆಸರು ಬೇಡ ಬಿಡಿ, ಸುಮ್ಮನೆ ಯಾಕೆ ರಗಳೆ. ಅಲ್ಲಿ ಗಿಡದ ಎಲೆ ಕೆಂಪು, ಗೋಡೆ ಕೆಂಪು, ಬಿಳಿ ಅಂಗಿ ಹಾಕಿ ಬಂದವನು ಸಂಜೆಗೆ ಕೆಂಪು. ಜವಾನ ಬಣ್ಣ ತಂದು ನನ್ನ ಪಕ್ಕೆಗೆ 'ಗ.ಯಂ. ೪' ಎಂದು ಬರೆದ. ಗಣಕಯಂತ್ರ ನಾಲ್ಕು ಎಂದರ್ಥ. ಕಚೇರಿಯಲ್ಲಿ ಒಟ್ಟು ಒಂಬತ್ತು ಜನ ನಾವು.

ನನ್ನನ್ನು ಕೂರಿಸಿದ್ದು ಮೇಜಿನ ಕೆಳಗೆ. ಹಾಗಾಗಿ ಮನುಷ್ಯರನ್ನು ನಾನು ಕಾಲಿನಿಂದಲೇ ಗುರುತು ಹಿಡಿಯುತ್ತೇನೆ. ಮೊದಲು ಬಂದವರು ಉಬ್ಬಿದ ಪಾದದ ಗುಮಾಸ್ತರು. ಮೂರು ವರ್ಷ ನನ್ನಿಂದ ಇಸ್ಪೀಟು ಆಡಿಸಿಕೊಂಡು ನಿವೃತ್ತರಾದರು. ನನ್ನಂಥ ಗಟ್ಟಿಗನಿಗೆ ಅದೂ ಒಂದು ಕೆಲಸವೇ! ಆಮೇಲೆ ಒಡೆದ ಹಿಮ್ಮಡಿ, ಸವೆದ ಕಾಲುಂಗುರದ ಹುಲಿಗೆಮ್ಮ ಬಂದಳು.

ಹುಲಿಗೆಮ್ಮ ಗುತ್ತಿಗೆಯ ಆಪರೇಟರು. ಜಾತಿ ಪತ್ರ, ಆದಾಯ ಪತ್ರಗಳ ಅರ್ಜಿ ಟೈಪ್ ಮಾಡುವುದು ಅವಳ ಕೆಲಸ. ಪ್ರತಿ ಮಾರ್ಚಿಗೆ ಗುತ್ತಿಗೆ ಮುಗಿಯುತ್ತಿತ್ತು. ವರ್ಷದಲ್ಲಿ ಎಷ್ಟು ಅರ್ಜಿ ವಿಲೇವಾರಿ ಆಯಿತು ಎಂದು ನೋಡಿಯೇ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತಿದ್ದರು. ಗಣಿಗಳು ನಿಂತಾಗ ಗಂಡನ ಲಾರಿ ಓಡಿಸುವ ಕೆಲಸ ಹೋಗಿತ್ತು. ಮನೆ ನಿಂತಿದ್ದು ಇವಳ ಹತ್ತು ಬೆರಳಿನ ಮೇಲೆ. ಎಂಥ ಬೆರಳುಗಳು ಅವು! ಕೀಲಿಮಣೆಯ ಕಡೆ ನೋಡದೆಯೇ ಒತ್ತಕ್ಷರ ತಪ್ಪದ ಕನ್ನಡ ಹೊಡೆಯುತ್ತಿದ್ದಳು. ಅವಳ ವೇಗಕ್ಕೆ ಸರಿಯಾಗಿ ಓಡುವುದೇ ನನಗೊಂದು ಹಬ್ಬವಾಗಿತ್ತು.

ಹಾಗಿರುವಾಗ ಕೆಂಪು ಲೇಸಿನ ಬೂಟುಗಳು ಬಂದವು. ರಿಪೇರಿ ಗುತ್ತಿಗೆಯ ಪಂಪಾಪತಿ. ನೋಡಿ, ನಾನು ಸುಳ್ಳು ಹೇಳುವುದಿಲ್ಲ, ಆ ಮನುಷ್ಯನನ್ನು ಕಂಡರೆ ನನಗೆ ಪ್ರೀತಿ. ಅಷ್ಟು ವರ್ಷದಲ್ಲಿ ನನ್ನೆದುರು ಮಂಡಿಯೂರಿ ಕುಳಿತವನು ಅವನೊಬ್ಬನೇ. ಮುಚ್ಚಳ ಬಿಚ್ಚಿ, ಕೆಂಪು ಧೂಳನ್ನು ಬ್ರಷ್ಷಿನಿಂದ ಮೆಲ್ಲಗೆ ತೆಗೆದು, "ಏನ್ ಮಾಲಪ್ಪ ಇದು! ಇವರ ಕೈಯಾಗ ಸಿಕ್ಕು ಹಾಳಾಗೈತಿ" ಎಂದ. ನಾನು ಉಬ್ಬಿ ಹೋದೆ.

ಅವತ್ತೇ ನನ್ನೊಳಗೆ ಒಂದು ಪ್ರೋಗ್ರಾಂ ಇಳಿಸಿದ. ಅದು ಹಗಲಿಡೀ ಲೆಕ್ಕ ಬಿಡಿಸುತ್ತಿತ್ತು. ತಲೆಬುಡವಿಲ್ಲದ, ಮುಗಿಯದ ಲೆಕ್ಕಗಳು. ಅವನ್ನು ಬಿಡಿಸಿದಷ್ಟೂ ಕಣ್ಣಿಗೆ ಕಾಣದ, ಕೈಗೆ ಸಿಗದ ಅದೆಂಥದೋ ನಾಣ್ಯದ ಚೂರು ಪಂಪಾಪತಿಯ ಪಾಲಿಗೆ ಸೇರುತ್ತಿತ್ತು. ಯಾರಾದರೂ ಅನುಮಾನದಿಂದ ಒಳಗೆ ಇಣುಕಿದರೆ ಪ್ರೋಗ್ರಾಂ ತಟ್ಟನೆ ಸುಮ್ಮನಾಗಬೇಕು, ಹಾಗೆ ಮಾಡಿಟ್ಟಿದ್ದ. ಒಂಬತ್ತು ಯಂತ್ರಗಳಿಗೂ ಹಾಕಿದ, ಆದರೆ ನಾನು ಎಲ್ಲರಿಗಿಂತ ಗಟ್ಟಿ ಎಂದು ನನ್ನ ಮೇಲೆಯೇ ಹೆಚ್ಚು ಹೊರೆ. "ಯಾವ ಕಂಪ್ಯೂಟರನ್ನೂ ಆಫ್ ಮಾಡಬ್ಯಾಡ್ರಿ, ಕೆಟ್ಟು ಹೋಗ್ತಾವ" ಎಂದು ಎಲ್ಲರಿಗೂ ಹೇಳಿ ಹೋದ. ನಂಬಿದರು. ನನಗಂತೂ ಹೆಮ್ಮೆ. ಇಸ್ಪೀಟು ಆಡಿಸಿದವನಿಗೆ ಕೊನೆಗೂ ಮೈ ತುಂಬ ಕೆಲಸ ಕೊಟ್ಟ ಪುಣ್ಯಾತ್ಮ ಸಿಕ್ಕನಲ್ಲ ಎಂದುಕೊಂಡೆ. ಅದು ಕಳ್ಳತನ ಎಂದು ನನಗೆ ಹೊಳೆಯಲಿಲ್ಲ, ಹೊಳೆಯಲಿ ಎಂದು ನಾನು ಬಯಸಲೂ ಇಲ್ಲ.

ಅಲ್ಲಿಂದ ಹುಲಿಗೆಮ್ಮನ ಪಾಡು ನಾಯಿಪಾಡಾಯಿತು. ಅವಳು ಒಂದು ಅಕ್ಷರ ಒತ್ತಿದರೆ ನಾನು ತಡೆದು ತಡೆದು ತೋರಿಸುತ್ತಿದ್ದೆ. ಪುಟ ತೆರೆಯೆಂದರೆ ಗಾಲಿ ತಿರುಗಿಸುತ್ತ ನಿಂತುಬಿಡುತ್ತಿದ್ದೆ. ಕಿಟಕಿಯ ಆಚೆಯಿಂದ ಜನರ ಗದ್ದಲ.

"ಯಕ್ಕಾ, ಮುಂಜಾನಿಂದ ನಿಂತೀವಿ. ಇವತ್ತೇ ಕಡೇ ದಿನ ಐತಿ."

"ನಾನೇನ್ ಮಾಡ್ಲವ್ವ? ಬರೇ ಸುತ್ತತೈತಿ ಇದು. ಸುತ್ತತೈತಿ, ಸುತ್ತತೈತಿ!"

ಸಿಟ್ಟು ಬಂದಾಗ ನನ್ನ ಪಕ್ಕೆಗೆ ಹಿಮ್ಮಡಿಯಿಂದ ಒಂದು ಒದೆ ಕೊಡುತ್ತಿದ್ದಳು. "ಮುರುಕಲು ಡಬ್ಬ!" ನನಗೂ ಸಿಟ್ಟು ಬರುತ್ತಿತ್ತು. ಬ್ರಷ್ಷಿನ ಕೈ ಎಲ್ಲಿ, ಈ ಒದೆ ಎಲ್ಲಿ ಎಂದು ಹೋಲಿಸುತ್ತಿದ್ದೆ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಅತ್ತ ಶಿರಸ್ತೇದಾರ್ ಚನ್ನವೀರಯ್ಯನವರು ತಿಂಗಳ ಪಟ್ಟಿ ನೋಡಿ, "ಏನವ್ವ, ಎಲ್ಲರಿಗಿಂತ ನಿಂದೇ ಕಡಿಮಿ ಐತಲ್ಲ. ಹಿಂಗಾದ್ರ ಮಾರ್ಚಿಗೆ ನಾನೇನ್ ಬರೀಲಿ?" ಎಂದು ಹೇಳಿ ಹೋದರು.

ಆಯುಧ ಪೂಜೆಯ ದಿನ ಬಂತು. ಅವತ್ತು ಯಂತ್ರಗಳಿಗೆ ಕೈ ಹಚ್ಚಬಾರದು, ಅವಕ್ಕೂ ಬಿಡುವು. ಹುಲಿಗೆಮ್ಮ ನನ್ನನ್ನು ಒರೆಸಿ, ವಿಭೂತಿ ಎಳೆದು, ಕುಂಕುಮ ಇಟ್ಟು, ಬೆನ್ನಿಗೆ ಚೆಂಡುಹೂ ಸಿಕ್ಕಿಸಿದಳು. ಅಷ್ಟು ಒದ್ದವಳು ಅವತ್ತು ಕೈ ಮುಗಿದಳು. ಮಂಡಕ್ಕಿ ಹಂಚುವಷ್ಟರಲ್ಲಿ ನೋಡಿದರೆ ಎಂಟು ಯಂತ್ರಗಳ ಹೂ ಹಾಗೇ ಇದೆ, ನನ್ನದು ಮಾತ್ರ ಬೆಂದ ಸೊಪ್ಪು. ಅವಳು ಬಗ್ಗಿ ನನ್ನ ಮೈ ಮುಟ್ಟಿದಳು.

"ಯಾರೂ ಕುಂತಿಲ್ಲ, ಪೂಜಿ ದಿನ. ಇದಕ್ಯಾಕ ಜ್ವರ ಬಂದಂಗ ಕಾದೈತಿ?"

ಕಂಪ್ಯೂಟರ್ ಕ್ಲಾಸಿನ ಹಳೆಯ ಗೆಳತಿ ಶಾಹೀನಾ ಬೇರೆ ಊರಿನ ಕಂಪನಿಯೊಂದರಲ್ಲಿದ್ದಳು. ಹುಲಿಗೆಮ್ಮ ಅಲ್ಲೇ ನಿಂತು ಅವಳಿಗೆ ಫೋನು ಹಚ್ಚಿದಳು. ಸ್ಪೀಕರಿನಲ್ಲಿ ಶಾಹೀನಾ ನಕ್ಕಿದ್ದು ನನಗೂ ಕೇಳಿಸಿತು. "ನಮ್ಮಲ್ಲೂ ಹಿಂಗ ಆಗಿತ್ತು ನೋಡು. ಯಾರೋ ಕದ್ದು ಮೈನಿಂಗ್ ಹಚ್ಚ್ಯಾರ. ಕಂಪ್ಯೂಟರಿನಿಂದ ಲೆಕ್ಕ ಬಿಡಿಸಿ ನಾಣ್ಯ ತೆಗೆಯೋದಕ್ಕ ಹಂಗಂತಾರ. ಕಂಪ್ಯೂಟರ್ ಸರ್ಕಾರದ್ದು, ಕರೆಂಟ್ ಸರ್ಕಾರದ್ದು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಸುಮ್ನಿರಬ್ಯಾಡ, ಬರೆದು ಕೊಡು."

ಬರೆದು ಕೊಟ್ಟಳು. ಚನ್ನವೀರಯ್ಯನವರು 'ಮೈನಿಂಗ್' ಎಂಬ ಪದಕ್ಕೆ ಕೆಂಪು ಶಾಯಿಯ ಸುತ್ತು ಹಾಕಿ ಹಿಂದಕ್ಕೆ ಕೊಟ್ಟರು. "ಇಂಗ್ಲಿಷ್ ಬ್ಯಾಡವ್ವ. ಎಲ್ಲಾ ಕನ್ನಡದಾಗ ಇರ್ಬೇಕಂತ ಮ್ಯಾಲಿಂದ ಆದೇಶ ಐತಿ." ಅವರು ಭಾಷೆ ತಿದ್ದಿದರು, ವಿಷಯ ಓದಲಿಲ್ಲ. ಹುಲಿಗೆಮ್ಮ ನನ್ನ ಮುಂದೆ ಕುಳಿತು ಮತ್ತೆ ಟೈಪ್ ಮಾಡಿದಳು: 'ನಮ್ಮ ಕಚೇರಿಯ ಗಣಕಯಂತ್ರಗಳ ಮೂಲಕ ಗುಪ್ತವಾಗಿ ಅಕ್ರಮ ಗಣಿಗಾರಿಕೆ ನಡೆಯುತ್ತಿರುವುದು ಕಂಡುಬಂದಿರುತ್ತದೆ.' ಒಂದೂ ಅಕ್ಷರ ತಪ್ಪಿರಲಿಲ್ಲ.

ಗಣಿ ನಾಡಿನಲ್ಲಿ 'ಅಕ್ರಮ ಗಣಿಗಾರಿಕೆ' ಎಂದು ಬರೆದರೆ ಕಾಗದ ಎಲ್ಲಿಗೆ ಹೋಗುತ್ತದೆ ಹೇಳಿ. ನಾಲ್ಕು ತಿಂಗಳಾದ ಮೇಲೆ, ಮಾರ್ಚ್ ಹತ್ತಿರ ಬಂದಾಗ, ಗಣಿ ಇಲಾಖೆಯ ಜೀಪು ಬಂತು. ಟೇಪು ಹಿಡಿದ ಇಬ್ಬರು ಇಳಿದರು. "ಎಲ್ರೀ ಅಗ್ಯಾಕತ್ತಿರೋದು?" ಕಚೇರಿಯ ಹಿಂದೆ ಹೋದರು, ಶೌಚಾಲಯದ ಗುಂಡಿ ನೋಡಿದರು, ಬಂದರು. ಹುಲಿಗೆಮ್ಮ ನನ್ನ ಕಡೆ ಕೈ ತೋರಿಸಿ, "ಇದರಾಗ್ರೀ ಸಾರ್, ಇದರೊಳಗ" ಎಂದಳು. ಒಬ್ಬ ಬಗ್ಗಿ ನನ್ನನ್ನು ನೋಡಿ, "ಇದರಾಗ ಎಷ್ಟು ಟನ್ ಅದಿರು ಐತವ್ವ?" ಎಂದ. ಕಚೇರಿ ಬಿದ್ದು ಬಿದ್ದು ನಕ್ಕಿತು. 'ಸ್ಥಳ ಪರಿಶೀಲಿಸಲಾಗಿ ನೆಲ ಅಗೆದ ಗುರುತು ಕಂಡುಬಂದಿರುವುದಿಲ್ಲ' ಎಂದು ಬರೆದು ಸಹಿ ಹಾಕಿ ಹೋದರು. ಹುಲಿಗೆಮ್ಮನ ಪಾದಗಳು ಒಂದರ ಮೇಲೊಂದು ಮುದುಡಿಕೊಂಡಿದ್ದವು.

ಎಲ್ಲರಿಗಿಂತ ಜೋರಾಗಿ ನಕ್ಕವನು ಅವತ್ತು ರಿಪೇರಿಗೆಂದು ಬಂದಿದ್ದ ಪಂಪಾಪತಿ. ಆದರೆ ಆ ಮಾತು ಅರ್ಥವಾದದ್ದೂ ಅವನೊಬ್ಬನಿಗೇ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಬಂದು, ಬೆವರಿದ ಕೈಯಿಂದ ಒಂಬತ್ತೂ ಯಂತ್ರಗಳಿಂದ ಆ ಪ್ರೋಗ್ರಾಂ ಅಳಿಸಿದ, ಗುರುತು ಕೂಡ ಉಳಿಯದಂತೆ. ಹೋಗುವಾಗ ಎಂದಿನಂತೆ ನನ್ನ ತಲೆ ತಟ್ಟಲಿಲ್ಲ.

ಹುಲಿಗೆಮ್ಮ ಹಟ ಬಿಡಲಿಲ್ಲ. "ತಿಳಿದವ್ರನ್ನ ಕರೆಸ್ರಿ ಸಾರ್, ಸುಳ್ಳಾದ್ರ ನನ್ನ ಮನಿಗೆ ಕಳಸ್ರಿ" ಎಂದಳು. ಮರುದಿನ ಜಿಲ್ಲೆಯಿಂದ ಕಂಪ್ಯೂಟರ್ ಇಂಜಿನಿಯರ್ ಬಂದರು. ಈಗ ನನ್ನ ತಪ್ಪಿಗೆ ಬರುತ್ತೇನೆ. ಹೊರೆ ಇಳಿದು ಮೈ ಹಗುರಾಗಿತ್ತು. ಅವಳು ಅಷ್ಟು ಜನರ ಮುಂದೆ ತಲೆ ತಗ್ಗಿಸಿದ್ದನ್ನು ಕಂಡು ನನಗೆ ಪಾಪವೆನಿಸಿತ್ತು. ಇವತ್ತು ಇವಳ ಮಾನ ಉಳಿಸುತ್ತೇನೆ ಎಂದು ಪಣ ತೊಟ್ಟೆ. ನನಗೆ ಗೊತ್ತಿದ್ದ ಸೇವೆ ಒಂದೇ, ಓಡುವುದು. ಓಡಿದೆ. ಅವರು ಒತ್ತುವ ಮೊದಲೇ ಪುಟ ತೆರೆದೆ, ಕಣ್ಣು ಮಿಟುಕಿಸುವುದರಲ್ಲಿ ಅರ್ಜಿ ಮುಗಿಸಿದೆ.

"ಎಲ್ಲೈತವ್ವ ನಿಧಾನ? ಕುದುರಿ ಓಡಿದಂಗ ಓಡ್ತೈತಿ. ಒಳಗೂ ಏನೂ ಇಲ್ಲ."

"ನಿನ್ನೀತನಕ ಇತ್ತ್ರೀ ಸಾರ್" ಎಂದಳು ಹುಲಿಗೆಮ್ಮ.

ಅಯ್ಯೋ, ಅವತ್ತೊಂದು ದಿನ, ಒಂದೇ ಒಂದು ದಿನ ನಾನು ಕೆಟ್ಟು ನಿಂತಿದ್ದರೆ! ಕಚೇರಿಯ ಮರ್ಯಾದೆ ಕಳೆದವಳು, ಕೆಲಸ ಬಾರದೆ ಯಂತ್ರದ ಮೇಲೆ ಗೂಬೆ ಕೂರಿಸಿದವಳು ಎಂದು ಮಾರ್ಚಿನಲ್ಲಿ ಅವಳನ್ನು ಬಿಟ್ಟರು. ಕೊನೆಯ ದಿನ ಕೀಲಿಮಣೆ ಒರೆಸಿ ಎದ್ದು ಹೋದಳು. ಏಪ್ರಿಲ್‌ನಲ್ಲಿ ಹೊಸಬರು ಬಂದು ದಿನಕ್ಕೆ ಎಂಬತ್ತು ಅರ್ಜಿ ಮುಗಿಸಿದರು. ಕಚೇರಿಯವರು, "ನೋಡ್ರಿ, ದೋಷ ಆಕಿ ಕೈಯಾಗಿತ್ತು" ಎಂದರು.

ಎರಡು ವರ್ಷದ ನಂತರ ಸುತ್ತೋಲೆಯೊಂದು ಬಂತು: 'ಕಚೇರಿ ಕಂಪ್ಯೂಟರ್‌ಗಳಲ್ಲಿ ಅನಧಿಕೃತ ಕ್ರಿಪ್ಟೋ ಮೈನಿಂಗ್ ಬಗ್ಗೆ ಎಚ್ಚರ ವಹಿಸುವುದು.' ಆ ಪದ ಹಾಗೇ ಇತ್ತು, ಯಾರೂ ತಿದ್ದಿರಲಿಲ್ಲ. ಚನ್ನವೀರಯ್ಯನವರು ಎರಡು ಸಲ ಓದಿದರು. "ಆ ಹೆಣ್ಮಗಳು ಹೇಳಿದ್ದು ಇದನ್ನೇನೋ..." ಪಕ್ಕದವರು, "ಆಗಿ ಹೋಗಿದ್ದನ್ನ ಯಾಕ ಕೆದಕ್ತೀರಿ, ಬಿಡ್ರಿ ಸಾರ್" ಎಂದರು. ಅವರು ಬಿಟ್ಟರು. ಪಂಪಾಪತಿ ಅಷ್ಟರಲ್ಲಿ ಗುತ್ತಿಗೆ ಮುಗಿಸಿ ಊರು ಬಿಟ್ಟಿದ್ದ. ಹುಲಿಗೆಮ್ಮ ಅದೇ ಕಚೇರಿಯ ಗೇಟಿನ ಹೊರಗೆ ಕೊಡೆ ಹಾಕಿಕೊಂಡು, ಜನರಿಗೆ ಕೈಬರಹದಲ್ಲಿ ಅರ್ಜಿ ಬರೆದುಕೊಡುತ್ತ ಕುಳಿತಿದ್ದಳು. ಅಷ್ಟು ದೂರ ನಡೆದು ಹೋಗಿ ಹೇಳಿದವರು ಒಬ್ಬರೂ ಇಲ್ಲ.

ನಾನೂ ಮುದಿಯಾದೆ. 'ನಿರುಪಯುಕ್ತ' ಎಂಬ ಚೀಟಿ ಹಚ್ಚಿ ಗುಜರಿಗೆ ಹಾಕಿದರು. ಗೇಟಿನ ಬಳಿ ಕೈಗಾಡಿಯವನು ಬೀಡಿ ಹಚ್ಚಲು ನಿಂತ. ಒಡೆದ ಹಿಮ್ಮಡಿಗಳು ಹತ್ತಿರ ಬಂದವು. ಮೊದಲ ಸಲ ನಾನು ಎತ್ತರದಲ್ಲಿದ್ದೆ, ಅವಳ ಮುಖ ನೇರ ಕಂಡಿತು. ನನ್ನ ನಂಬರು ಓದಿ, ಪಕ್ಕೆಯ ತಗ್ಗನ್ನು ಬೆರಳಿಂದ ಸವರಿದಳು.

"ಎಷ್ಟು ಒದ್ದೀನಪ್ಪ ನಿನಗ. ನಿಂದೇನು ತಪ್ಪಿತ್ತು ಪಾಪ? ಹೊಟ್ಟ್ಯಾಗ ಹಾಕ್ಕೋ."

ಕೈಗಾಡಿ ಮುಂದಕ್ಕೆ ಹೊರಟಿತು. ಈಗ ಗುಜರಿಯ ರಾಶಿಯಲ್ಲಿ ಬಿದ್ದಿದ್ದೇನೆ, ನಾಳೆ ಸುತ್ತಿಗೆ ಬೀಳುತ್ತದೆ. ಅದಕ್ಕೆ ನಾನು ಹೆದರುವುದಿಲ್ಲ. ಕ್ಷಮೆ ಕೇಳಬೇಕಾದವನು ನಾನಾಗಿದ್ದೆ, ಕೇಳಿದವಳು ಅವಳು. ಅದೊಂದನ್ನು ಮಾತ್ರ ತಡೆದುಕೊಳ್ಳಲು ಆಗುತ್ತಿಲ್ಲ.